ಕಾಶಮ್ಮನ ಕಿರುಬೆರಳು

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ನರ್ಸಿಂಗ್ ಓದಿ ಬಂದವಳು. ಭವಿಷ್ಯ ಹೇಳುವವರನ್ನು ಕಂಡರೆ ಬಾಯಿಗೆ ಬಂದಂತೆ ಹೀಯಾಳಿಸುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಒಂದು ಮಧ್ಯಾಹ್ನ ಕೇಳಿದ ಮಾತನ್ನು ಹೀಯಾಳಿಸಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಎಪ್ಪತ್ತರ ದಶಕ. ಬಸವಕಲ್ಯಾಣದ ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ಕಲಿತ ನರ್ಸು ಅಂದರೆ ನಾನೊಬ್ಬಳೇ. ಆದರೂ ಎಲ್ಲರೂ ಕೇಳುತ್ತಿದ್ದುದು ಸೂಲಗಿತ್ತಿ ಕಾಶಮ್ಮನನ್ನು. ಹೆರಿಗೆ ನಾನು ಮಾಡಿಸಿದರೂ, ಆಕೆ ಕೂಸನ್ನು ಮುಟ್ಟಿ "ಛಲೋ ಅದ" ಅನ್ನುವ ತನಕ ಅಜ್ಜಿಯರಿಗೆ ಸಮಾಧಾನವಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮೂರಲ್ಲಿ ಹಿತ್ತಲ ಗಿಡವೇ ಮದ್ದು, ಕಲಿತು ಬಂದ ನಾನು ಬರೀ ಗಿಡ. ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು. ಆಕೆಯ ಕೈಗೆ ಹೋದೊಡನೆ ಕೂಸುಗಳು ಅಳು ನಿಲ್ಲಿಸುವುದನ್ನೂ ನಾನು ಸಹಿಸುತ್ತಿರಲಿಲ್ಲ.

ಅಂಥದರಲ್ಲಿ ಪಕ್ಕದ ಕೊಹಿನೂರ ಹಳ್ಳಿಯ ಶಾಂತಾಬಾಯಿ ಏಳು ತಿಂಗಳಿಗೇ ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು. ಅಂಗೈಯಗಲದ ಕೂಸುಗಳು, ಮೈ ನೀಲಿ. ಹುಮನಾಬಾದಿನಿಂದ ಆಗಷ್ಟೇ ತರಿಸಿದ್ದ ಆಕ್ಸಿಜನ್ ಸಿಲಿಂಡರಿಗೆ ಕವಲು ನಳಿಗೆ ಜೋಡಿಸಿ ಇಬ್ಬರಿಗೂ ಹಚ್ಚಿದೆ. ಮೂರನೆಯ ದಿನಕ್ಕೆ ಎರಡೂ ಕೆಂಪಗಾದವು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಅಂದೇ ಮಧ್ಯಾಹ್ನ ಕೂಸುಗಳ ಅಜ್ಜಿ ಕಾಶಮ್ಮನನ್ನು ಕರೆತಂದಳು. ಕಾಶಮ್ಮ ಮುಚ್ಚಿದ ಆ ಪುಟ್ಟ ರೆಪ್ಪೆಗಳ ಮೇಲೆ ಒಂದೊಂದಾಗಿ ಕಿರುಬೆರಳಿಟ್ಟು ನೋಡಿದಳು. ಆಮೇಲೆ ನನ್ನನ್ನು ಬಾಗಿಲಾಚೆ ಕರೆದಳು.

"ನರಸಬಾಯಿ, ದೊಡ್ಡಾಕಿಗಿ ಏನೂ ಆಗಂಗಿಲ್ಲ. ಸಣ್ಣಾಕಿ ಕಣ್ಣು ಆ ಗಾಳಿ ತಡಿಯಂಗಿಲ್ರಿ. ಜರಾ ಕಮ್ಮಿ ಮಾಡ್ರಿ."

"ಕೂಸು ಬಣ್ಣಕ್ಕ ಬರಾಕತ್ತದ, ನಿನಗ ಕಾಣವಲ್ದೇನು? ಸಿಲಿಂಡರ್ ಅಂದ್ರ ಏನಂತರೆ ಗೊತ್ತದೇನು?" ಎಂದೆ.

"ಇಲ್ರಿ," ಅಂದಳು, ಹೋದಳು.

ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಒಳಗೆ ಹೋಗಿ ಸಿಲಿಂಡರಿನ ತಿರುಪನ್ನು ಇನ್ನಷ್ಟು ತೆರೆದೆ. ಕೂಸುಗಳಿಗೆ ಬೇಕಿತ್ತೆಂದಲ್ಲ, ಆಕೆ ಕಮ್ಮಿ ಮಾಡೆಂದಳು, ಅದಕ್ಕೆ.

ಆರು ತಿಂಗಳ ಮೇಲೆ ಶಾಂತಾಬಾಯಿ ಮಕ್ಕಳನ್ನು ತೋರಿಸಲು ತಂದಳು. ಬ್ಯಾಟರಿ ಬೆಳಕು ಹಿಡಿದರೆ ದೊಡ್ಡವಳು ಕಣ್ಣು ಹೊರಳಿಸಿ ನಕ್ಕಳು. ಸಣ್ಣವಳ ಪಾಪೆಯ ಹಿಂದೆ ಬರೀ ಬಿಳುಪು. ಹೈದರಾಬಾದಿನ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದು ಕಳಿಸಿದೆ. ದಿನ ತುಂಬದ ಕೂಸಿಗೆ ಆಕ್ಸಿಜನ್ ಹೆಚ್ಚಾದರೆ ಹೀಗಾಗುವುದುಂಟು, ಇನ್ನು ದೃಷ್ಟಿ ಬಾರದು, ಯಾವ ಕೂಸಿಗೆ ಆದೀತೆಂದು ಮೊದಲೇ ಹೇಳಲಾಗದು ಎಂದು ಅವರು ನನಗೆ ಚೀಟಿ ಬರೆದಿದ್ದರು.

ಆ ಚೀಟಿ ಹಿಡಿದುಕೊಂಡೇ ಕಾಶಮ್ಮನ ಮನೆಗೆ ಹೋದೆ. ಹೇಗೆ ತಿಳಿಯಿತು ಎಂದು ಕೇಳಿದೆ.

"ಬೆರಳಿಗಿ ಹಂಗ ಅನಿಸ್ತು ನೋಡ್ರಿ. ನಾ ಯಾರ ಮುಂದೂ ಅಂದಿಲ್ಲ, ಅನ್ನಂಗೂ ಇಲ್ಲ," ಎಂದಳು. ತಿರುಪು ಕಮ್ಮಿ ಮಾಡಿದಿರಾ ಎಂದು ಮಾತ್ರ ಕೇಳಲಿಲ್ಲ.

ಸಾಯುವ ತನಕ ಆಕೆ ಯಾರಿಗೂ ಹೇಳಲಿಲ್ಲ. ಎರಡೂ ಕೂಸಿಗೆ ಒಂದೇ ಗಾಳಿ, ಒಂದೇ ತಿರುಪು. ಒಂದನ್ನೇ ಆಕೆ ಹೇಗೆ ಆರಿಸಿ ಹೇಳಿದಳೋ! ನಿವೃತ್ತಿಯಾಗುವ ತನಕ ನಾನೂ ಯಾರೂ ಇಲ್ಲದಾಗ ಕೂಸುಗಳ ರೆಪ್ಪೆಯ ಮೇಲೆ ಬೆರಳಿಟ್ಟು ನೋಡಿದ್ದೇನೆ. ಒಮ್ಮೆಯೂ ಏನೂ ಅನಿಸಲಿಲ್ಲ.

ಶಾಂತಾಬಾಯಿ ಈಗಲೂ ಬಜಾರದಲ್ಲಿ ಸಿಗುತ್ತಾಳೆ. ಎರಡೂ ಕೂಸು ಉಳಿಸಿದ ತಾಯಿ ಎಂದು ನನಗೆ ನಮಸ್ಕರಿಸುತ್ತಾಳೆ. ಸಣ್ಣವಳ ಕೈ ಹಿಡಿದು, ನನ್ನ ಪಾದ ಎಲ್ಲಿದೆಯೆಂದು ತೋರಿಸಿ, ಮುಟ್ಟಿಸುತ್ತಾಳೆ. ಆ ಹೊತ್ತಿನಲ್ಲೂ ನನಗೆ ಕಾಶಮ್ಮನ ಮೇಲೆ ಹೊಟ್ಟೆಕಿಚ್ಚೇ ಆಗುತ್ತದೆ.