ಮಾತು ಬಿಟ್ಟವರ ಜೊತೆ

ಕಾಡು ಅಂದರೆ ನಿಮಗೆ ತವರುಮನೆ ಇದ್ದ ಹಾಗೆ ಅಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನ ಅತ್ತೆ ಉರಿದುಬೀಳುತ್ತಾರೆ. ತವರಿನಲ್ಲಿ ಕೆಲಸ ಹೇಳುವವರು ಇರುತ್ತಾರೆ, ಕಾಡಿನಲ್ಲಿ ಇರುವುದಿಲ್ಲ ಎನ್ನುತ್ತಾರೆ.

ಲಾರಿಗಳಿಗೆ ಟಾರ್ಪಾಲ್ ಹೊಲಿಯುವ ಅಂಗಡಿಯಲ್ಲಿ ದುಡಿದು ಮಗನನ್ನು ಓದಿಸಿದ ಹೆಂಗಸು. ಮಾವ ತೀರಿಕೊಂಡ ವರ್ಷ, ಅಂಗಡಿಯಲ್ಲಿ ಉಳಿದಿದ್ದ ತುಂಡುಗಳನ್ನೇ ಜೋಡಿಸಿ ತನಗೊಂದು ಡೇರೆ ಹೊಲಿದುಕೊಂಡರು. ಅಂದಿನಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ ಸರ್ಕಾರಿ ಕಾಡಿಗೆ ಹೋಗುತ್ತಾರೆ. ಅಲ್ಲಿನ ಬಯಲಿನಲ್ಲಿ ಡೇರೆ ಹಾಕಿ, ಒಬ್ಬರೇ ಇದ್ದು, ನಡೆದಾಡಿ, ಮುಖ ಅರಳಿಸಿಕೊಂಡು ಬರುತ್ತಾರೆ. ಬಿಸಿಲು, ಮಳೆ, ಮೈ ಕೊರೆಯುವ ಚಳಿ ಯಾವುದನ್ನೂ ಬಿಟ್ಟವರಲ್ಲ. ಬೇಸಿಗೆಯಲ್ಲಿ ಹೋಗಿ ಸಾಲದೇ ಎಂದರೆ, "ಕಾಡೇನು ಮಳೆಗಾಲದಲ್ಲಿ ಬಾಗಿಲು ಹಾಕ್ಕೊಂಡಿರುತ್ತಾ?" ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು, ಕಾಲು ಉಳುಕಿಸಿಕೊಂಡು ಬಂದರು. ನನ್ನ ಗಂಡ "ಇನ್ನು ಸಾಕಮ್ಮ" ಎಂಬ ರಾಗ ಶುರು ಮಾಡಿದರು. ಅಷ್ಟರಲ್ಲಿ ಅರಣ್ಯ ಇಲಾಖೆಯವರು ಗೇಟಿಗೆ ಹೊಸ ಬೋರ್ಡು ಹಾಕಿದರು: ಅರವತ್ತು ದಾಟಿದವರು ಜೊತೆಯಿಲ್ಲದೆ ತಂಗುವಂತಿಲ್ಲ. ಗಂಡನಿಗೆ ಸ್ವರ್ಗ ಮೂರೇ ಗೇಣು! ಮನೆಯಲ್ಲಿ ಯಾರೂ ಜೊತೆ ಹೋಗಬಾರದೆಂದು ಒಳಗೊಳಗೇ ಮಾತಾಯಿತು. ನಾನೂ ತಲೆಯಾಡಿಸಿದೆ. ಅತ್ತೆ ಕೇಳಿದಾಗ ನನಗೆ ಸೊಂಟನೋವು, ಗಂಡನಿಗೆ ಆಫೀಸು, ಮಗಳಿಗೆ ಪರೀಕ್ಷೆ.

ಅತ್ತೆ ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿದರು. "ನಿಮ್ಮಮ್ಮನ್ನ ಕೇಳು, ಬರ್ತಾರಾ ಅಂತ" ಎಂದು ನನಗೆ ಹೇಳಿದರು.

ನಾನು ನಕ್ಕುಬಿಟ್ಟೆ. ನನ್ನ ಅಮ್ಮನಿಗೂ ಅತ್ತೆಗೂ ನಮ್ಮ ಮದುವೆಯ ದಿನದಿಂದಲೇ ಮಾತಿಲ್ಲ. "ಗೋಣಿ ಹೊಲಿಯೋರ ಮನೆ" ಎಂದು ಅಮ್ಮ ಯಾರ ಬಳಿಯೋ ಅಂದದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ಆದರೂ, ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಇದ್ದ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮ, "ಮಾತಾಡಬೇಕಾಗಿಲ್ಲ ತಾನೆ?" ಎಂದು ಕೇಳಿದಳು.

ಅದನ್ನು ಅತ್ತೆಗೆ ಮುಟ್ಟಿಸಿದೆ. "ಅದಕ್ಕೇ ಅವರನ್ನ ಕರೀತಿರೋದು. ನಾನು ಹೋಗೋದೇ ಒಬ್ಬಳೇ ಇರೋಕೆ. ನೀವ್ಯಾರು ಬಂದ್ರೂ ಬಾಯಿ ಮುಚ್ಚಲ್ಲ."

ಇಬ್ಬರೂ ಹೊರಟೇಬಿಟ್ಟರು. ಗೇಟಿನಲ್ಲಿ ಕಾವಲುಗಾರ ಅಮ್ಮನನ್ನು ನೋಡಿ, "ಇವರಿಗೂ ವಯಸ್ಸಾಗಿದೆಯಲ್ಲ, ಇವರ ಜೊತೆ ಯಾರು?" ಎಂದು ಕೇಳಿದನಂತೆ.

"ನಾನು" ಎಂದರಂತೆ ಅತ್ತೆ.

"ನಿಮ್ಮ ಜೊತೆ?"

"ಅವರು."

ಅವನು ತಲೆ ಕೆರೆದುಕೊಂಡು ಒಳಗೆ ಬಿಟ್ಟ. ಇದನ್ನು ಅತ್ತೆ ಬಂದು ಬಣ್ಣಿಸುವಾಗ ನನ್ನ ಗಂಡನ ಮುಖ ಇಂಗು ತಿಂದ ಮಂಗನಂತಾಗಿತ್ತು.

ಆದರೆ ಸೋಲೊಪ್ಪುವ ಆಸಾಮಿಯಲ್ಲ. ಚಳಿ ಜೋರಾದ ತಿಂಗಳು, ಅವರಿಬ್ಬರೂ ಕಾಡಿನಲ್ಲಿದ್ದಾಗ ಕಾರು ತೆಗೆದರು, ನನ್ನನ್ನೂ ಹತ್ತಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಬಯಲಿನಲ್ಲಿ ಬೇರೆ ನರಪಿಳ್ಳೆ ಇಲ್ಲ. ಈ ತುದಿಯಲ್ಲಿ ಅತ್ತೆಯ ಡೇರೆ, ಆ ತುದಿಯಲ್ಲಿ ಅಮ್ಮನಿಗೆಂದು ಅತ್ತೆಯೇ ಹೊಲಿದ ಡೇರೆ. ಅಮ್ಮ ಅದರ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದಳು.

"ಅಮ್ಮ, ಎದ್ದೇಳು. ಮತ್ತೆ ಬಿದ್ರೆ ಏನು ಗತಿ?" ಎಂದು ಈ ತುದಿಯಲ್ಲಿ ಕೂತಿದ್ದ ಅತ್ತೆಗೆ ಗಂಡ ಹೇಳಿದರು.

"ಬಿದ್ರೆ ಏಳ್ತೀನಿ. ಮನೇಲಿ ನಾನು ಅಮ್ಮ, ಅತ್ತೆ, ಅಜ್ಜಿ. ಇಲ್ಲಿ ಯಾರಿಗೂ ಏನೂ ಅಲ್ಲ. ಇಷ್ಟನ್ನೂ ಕಿತ್ಕೋಬೇಡ."

ಗಂಡ ವಾದಕ್ಕಿಳಿಯಲಿಲ್ಲ. ನೇರ ಆ ತುದಿಗೆ ನಡೆದರು. ಆಗ ಅವರ ಉಪಾಯ ನನಗೆ ಹೊಳೆಯಿತು: ಜೊತೆ ಎದ್ದುಬಂದರೆ ಅತ್ತೆಯೂ ಏಳಲೇಬೇಕು. "ನೀವಾದ್ರೂ ಬನ್ನಿ. ಈ ಚಳೀಲಿ ನಿಮಗೆ ಯಾಕೆ ಬೇಕು ಇದೆಲ್ಲ?" ಎಂದು ಬೆಣ್ಣೆ ಹಚ್ಚಿದರು. ಅತ್ತೆ ಕೂತಲ್ಲಿಂದಲೇ ಆ ಕಡೆ ನೋಡುತ್ತಿದ್ದರು. ಅವರ ಮುಖದಲ್ಲಿ ಭಯವನ್ನು ನಾನು ನೋಡಿದ್ದು ಅಂದೇ ಮೊದಲು.

ಅಳಿಯನೆದುರು ಎಂದೂ ದನಿ ಎತ್ತದ ಅಮ್ಮ ಬಯಲಿಗೆಲ್ಲ ಕೇಳುವಂತೆ ಹೇಳಿದಳು: "ಅಳಿಯಂದ್ರೇ, ನಿಮ್ಮ ಮಾವ ಹೋದ್ಮೇಲೆ ನನ್ನನ್ನ ಬಾ ಅಂತ ಎಲ್ಲಿಗಾದ್ರೂ ಕರೆದವರು ಇವರೊಬ್ಬರೇ. ಇವರು ಏಳೋ ತನಕ ನಾನು ಏಳಲ್ಲ."

ಅದು ಗಂಡನಿಗಿಂತ ನನಗೇ ಹೆಚ್ಚು ತಾಕಿತು.

ಅತ್ತೆ ಅಮ್ಮನಿಗೆ ಒಂದು ಮಾತೂ ಆಡಲಿಲ್ಲ. ಕಣ್ಣೊರೆಸಿಕೊಂಡು ಮಗನನ್ನು ಗದರಿದರು: "ಕೇಳಿಸ್ತಲ್ಲ? ಹೊರಡಿ ಇನ್ನು. ನಿಮ್ಮ ಕಾರಿನ ಸದ್ದಿಗೆ ಇದ್ದಬದ್ದ ಹಕ್ಕಿಯೆಲ್ಲ ಹಾರಿಹೋದ್ವು."