ಬಿಚ್ಚಿದ ಸಾಮಾನು

ಬಿಳಿಚೋಡಿನ ಮೋಟರ್ ರಿಪೇರಿಯ ಸಣ್ಣತಿಮ್ಮಪ್ಪ ಬಿಚ್ಚಿದ ಸಾಮಾನನ್ನು ಎಸೆದದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ಸುಟ್ಟ ಪಂಪ್‌ಸೆಟ್ಟಿನ ಬೇರಿಂಗ್ ಅವನ ಮನೆಯ ಗೇಟಿನ ಕೆಳಗೆ ತಿರುಗುತ್ತದೆ. ಯಾರದೋ ಮಿಕ್ಸಿಯ ಸ್ವಿಚ್ಚು ಅವನ ದೇವರ ಮನೆಯ ದೀಪ ಹೊತ್ತಿಸುತ್ತದೆ. "ಕೆಟ್ಟಿದ್ದು ಒಂದ್ ಕಡೆ ಅಷ್ಟೇರೀ, ಉಳಿದಿದ್ದು ಏನ್ ತಪ್ಪು ಮಾಡೈತೆ?" ಎನ್ನುವುದು ಅವನ ನಿತ್ಯದ ಮಾತು. ಹಳೆಯದನ್ನು ಇನ್ನೊಂದು ಯಂತ್ರಕ್ಕೆ ಹಾಕುವ ಮೊದಲು ಡೀಸೆಲ್‌ನಲ್ಲಿ ತೊಳೆದು, ಹರಿದ ಬನಿಯನ್ನಿನಲ್ಲಿ ಒರೆಸಿ, ಕೂಸನ್ನು ನೋಡುವಂತೆ ಬೆಳಕಿಗೆ ಹಿಡಿದು ನೋಡುತ್ತಾನೆ. ಈ ವರ್ಷ ಅವನ ಎಡ ಕಿಡ್ನಿಯಲ್ಲಿ ಒಂದು ಗಂಟು ಕಾಣಿಸಿತು. ಕ್ಯಾನ್ಸರ್ ಅಲ್ಲ, ಕೊಬ್ಬಿನ ಗಂಟು. ಗಂಟಿಗೆ ರಕ್ತ ಹೋಗುವ ನಾಳ ಮುಚ್ಚಿ ಅದನ್ನು ಕುಗ್ಗಿಸಬಹುದು, ಇಲ್ಲವೇ ಗಂಟನ್ನಷ್ಟೇ ಕತ್ತರಿಸಿ ತೆಗೆಯಬಹುದು, ಕಿಡ್ನಿ ಉಳಿಯುತ್ತದೆ ಎಂದು ದಾವಣಗೆರೆಯ ವೈದ್ಯರು ವಿವರಿಸಿದರು. ಏನನ್ನೂ ಎಸೆಯದ ಈ ಮನುಷ್ಯ, ಕಿಡ್ನಿಯನ್ನೇ ಪೂರ್ತಿ ತೆಗೆಯಿರಿ ಎಂದು ಹಟ ಹಿಡಿದ. ವೈದ್ಯರು ಗದರಿದರು. ಆಗ ಅವನು, ಬಾಗಿಲಾಚೆ ಡಯಾಲಿಸಿಸ್‌ಗೆಂದು ಕಾದು ಕುಳಿತಿದ್ದ ಹೆಂಡತಿ ಉಚ್ಚಂಗೆಮ್ಮನಿಗೆ ಕೇಳಿಸದಂತೆ, "ಪೂರ್ತಿ ಬಿಚ್ರಿ ಸಾರ್. ಗಂಟು ಕೆತ್ತಿ ತೆಗೆದು, ಉಳಿದಿದ್ದನ್ನ ಅವಳಿಗೆ ಹಾಕಾಕೆ ಬರ್ತೈತೇನ್ರಿ?" ಎಂದ. ಅಪರೂಪಕ್ಕೆ ಹಾಗೆ ಮಾಡುವುದುಂಟು, ಆದರೆ ಮೊದಲು ಅದು ಅವಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು ಎಂದರು ವೈದ್ಯರು. ಪರೀಕ್ಷೆಯ ಉತ್ತರ ಇನ್ನೂ ಬಂದಿಲ್ಲ. ಸಣ್ಣತಿಮ್ಮಪ್ಪ ಮಾತ್ರ ಅಂದಿನಿಂದಲೇ ಬೀಡಿ ಬಿಟ್ಟಿದ್ದಾನೆ. ಯಾಕೋ ಎಂದು ಕೇಳಿದರೆ, "ಇನ್ನೊಬ್ಬರಿಗೆ ಹಾಕೋ ಸಾಮಾನು, ತೊಳೆದಿಡಬೇಕಲ್ರೀ" ಎನ್ನುತ್ತಾನೆ.