ನಕಲು ಅಳಿಸಲು ಎತ್ತಿದ ಬೆರಳು

"ಮೇಡಮ್, ನನ್ನ ಪ್ರಾಜೆಕ್ಟ್ ಬರಾಕತ್ತೈತ್ರಿ, ಹೋಗಾಕತ್ತೈತ್ರಿ!"

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಕಾಲಿಡುತ್ತಲೇ ಸಾವಿತ್ರಿ ಹೀಗೆ ಕೂಗಿದಳು. ಬರುವುದು, ಹೋಗುವುದು ನಮ್ಮೂರ ಕರೆಂಟಿನ ಗುಣ. ಪ್ರಾಜೆಕ್ಟಿಗೆ ಆ ಚಟ ಯಾವಾಗ ಹತ್ತಿತು? ನಗಬೇಕೆಂದಿದ್ದೆ. ಅವಳ ಮುಖ ನೋಡಿ ನಗು ನುಂಗಿದೆ.

ಇಂಡಿ ಪಟ್ಟಣದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ (ಇದನ್ನು ನಿಮಗೆ ಎಷ್ಟನೇ ಸಲ ಹೇಳುತ್ತಿದ್ದೇನೋ!). ಸಾವಿತ್ರಿ ಅಗರಖೇಡದವಳು, ಕೊನೆಯ ವರ್ಷದ ವಿದ್ಯಾರ್ಥಿನಿ. ಅಪ್ಪನ ಬೈಕಿನ ಹಿಂದೆ ಕೂತು ತೋಟ ತೋಟ ತಿರುಗಿ ನಿಂಬೆ ಎಲೆಗಳ ಫೋಟೋ ತೆಗೆದಿದ್ದಾಳೆ. ಯಾವ ಎಲೆಗೆ ಯಾವ ರೋಗ ಎಂದು ಹೇಳುವ ಪ್ರೋಗ್ರಾಮ್ ಬರೆದಿದ್ದಾಳೆ. ಅದರ ಪರೀಕ್ಷೆ ಅವತ್ತೇ ಮಧ್ಯಾಹ್ನ. ಪರೀಕ್ಷಕರು ಸಿಂದಗಿಯಲ್ಲಿ ಬಸ್ಸು ಹತ್ತಿಯೂ ಆಗಿತ್ತು. ಇತ್ತ ನೋಡಿದರೆ, ಶುಕ್ರವಾರವಿಡೀ ಅವಳು ಕೂತು ಸೇರಿಸಿದ ಕೆಲಸ ಒಂದು ಕಂಪ್ಯೂಟರಿನಲ್ಲಿ ಕಾಣುತ್ತದೆ, ಪಕ್ಕದ್ದರಲ್ಲಿ ಇಲ್ಲವೇ ಇಲ್ಲ!

ಇದರ ಮೂಲ ನಾನೇ. ಹುಡುಗಿಯರ ಕೆಲಸವೆಲ್ಲ ಲಿನಕ್ಸಿನ ಒಂದು ವರ್ಚುವಲ್ ಮಷೀನಿನಲ್ಲಿ ಇರುತ್ತದೆ. ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಕೈಗೆ ಸಿಗುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ. ಹುಡುಗಿಯರು ಅದಕ್ಕೆ 'ಅಕ್ಕ' ಎಂದು ಹೆಸರಿಟ್ಟಿದ್ದಾರೆ. ಪರೀಕ್ಷೆ ಹೊತ್ತಿಗೆ ಅಕ್ಕ ಕೈಕೊಟ್ಟರೆ ಏನು ಗತಿ ಎಂದು ಗುರುವಾರ ಅದರ ತದ್ರೂಪು ಮಾಡಿಟ್ಟೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಇನ್ನೊಂದು ಅಕ್ಕ ತಯಾರು! ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಚಾಲೂ ಮಾಡಿದೆ. ಅಷ್ಟರಲ್ಲಿ ಕ್ಲಾಸಿನ ಬೆಲ್ ಹೊಡೆಯಿತು. ಬಂದ್ ಮಾಡುವುದು ಮರೆತೇಹೋಯಿತು.

ಅಲ್ಲಿಂದ ಶುರುವಾಗಿತ್ತು ನೋಡಿ. ಲ್ಯಾಬಿನ ಯಾವ ಕಂಪ್ಯೂಟರು "ಅಕ್ಕಾ, ಎಲ್ಲಿದ್ದೀ?" ಎಂದು ಕೇಳಿದರೂ ಎರಡು ಕಡೆಯಿಂದ "ಇಲ್ಲೇ" ಎಂಬ ಉತ್ತರ. ಯಾವ ದನಿ ಕೇಳಿಸಿತೋ ಆ ಕಡೆ ಓಟ. ಯಾರಿಗೂ ಅನುಮಾನವಿಲ್ಲ.

ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ತೆರೆದು ಕೂತೆ. ಹೆಸರು ಕೇಳಿದೆ. ಎರಡೂ ಅಕ್ಕ. ನೆಟ್‌ವರ್ಕಿನ ವಿಳಾಸ ಕೇಳಿದೆ. ಅದೂ ಒಂದೇ. ತಾನೇ ಅಕ್ಕ ಎಂದು ರುಜುವಾತು ಮಾಡುವ ಗುಪ್ತ ಕೀಲಿ? ಅಕ್ಷರಕ್ಕೆ ಅಕ್ಷರ ಅದೇ. ಹೋದ ವರ್ಷ ನಾನು ಅವಸರದಲ್ಲಿ ತಪ್ಪು ಬರೆದಿಟ್ಟ ಒಂದು ಸಾಲು ಕೂಡ ಎರಡರಲ್ಲೂ ಹಾಗೇ ಇತ್ತು! ತಾನು ನಕಲು ಎಂಬುದು ನಕಲಿಗೇ ಗೊತ್ತಿಲ್ಲ; ಅದು ಗೊತ್ತಿರುವುದು ಹೊರಗಿನ ಕಂಪ್ಯೂಟರಿನ ಪಟ್ಟಿಗೆ ಮಾತ್ರ. ಈ ಪಾಠವನ್ನು ಎಷ್ಟು ಬ್ಯಾಚಿಗೆ ಹೇಳಿದ್ದೇನೋ, ಹೀಗೆ ಮುಖಾಮುಖಿ ಎಂದೂ ಕೂತಿರಲಿಲ್ಲ.

(ನಮ್ಮ ಮನೆಯಲ್ಲೂ ಇಂಥದೊಂದು ಇದೆ. ತೀರಿಕೊಂಡ ನನ್ನ ಅವ್ವನ ಹೆಸರು ಗೌರವ್ವ. ತಮ್ಮನ ಮಗಳಿಗೂ ಅದೇ ಹೆಸರಿಟ್ಟೆವು. ತಮ್ಮನ ಹೆಂಡತಿ ಸುಜಾತಾ ತನ್ನ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಲಾರಳು. ಹಾಗಾಗಿ ಆ ಪುಟ್ಟ ಮಗು ಎಲ್ಲರಿಗೂ 'ಅವ್ವಿ'.)

ಇರಲಿ. ನನ್ನದು ದುಡುಕು ಸ್ವಭಾವ. ನಕಲನ್ನು ಅಳಿಸಿಬಿಟ್ಟರೆ ಪೀಡೆ ಕಳೆಯಿತು ಎಂದುಕೊಂಡೆ. ಬೆರಳು ಎತ್ತಿದ್ದೆ.

"ಮೇಡಮ್, ತಡೀರಿ! ನಾ ನಿನ್ನೆ ಬರದದ್ದು ಯಾವುದರಾಗ ಐತ್ರಿ?"

ಬೆರಳು ಗಾಳಿಯಲ್ಲೇ ನಿಂತಿತು. ಅಯ್ಯೋ ಶಿವನೇ! ನಕಲನ್ನು ನೆಟ್‌ವರ್ಕಿನಿಂದ ಬಿಡಿಸಿ ಒಳಗೆ ಇಣುಕಿದೆವು. ಶುಕ್ರವಾರದ ಅವಳ ಎಲೆಗಳೆಲ್ಲ ಅಲ್ಲಿದ್ದವು, ನಕಲಿನಲ್ಲಿ! ಅಸಲಿನಲ್ಲಿ ಒಂದೂ ಇಲ್ಲ. ಅಸಲಿನಲ್ಲಿ ಬೇರೆ ಹುಡುಗಿಯರ ಶುಕ್ರವಾರ ಇತ್ತು. ನಕಲು ಹುಟ್ಟುವಾಗ ಕೂದಲಿನಷ್ಟೂ ಫರಕು ಇರಲಿಲ್ಲ. ಎದ್ದು ಕೂತ ಗಳಿಗೆಯಿಂದ ಅದರ ದಿನಗಳೇ ಬೇರೆ, ಅದರ ನೆನಪುಗಳೇ ಬೇರೆ.

"ಎರಡೂ ಇರ್ಲಿ ಬಿಡ್ರಿ ಮೇಡಮ್. ಇದಕ್ಕ ಬ್ಯಾರೆ ಹೆಸರ ಇಡೂಣ್ರಿ."

"ಏನಂತ ಇಡೂಣು?"

"ತಂಗಿ!"

ಹೆಸರು ಬದಲಿಸಿದೆ. ಗುರುತಿನ ಸಂಖ್ಯೆ, ಗುಪ್ತ ಕೀಲಿ ಹೊಸದಾಗಿ ಹುಟ್ಟಿಸಿದೆ. ಸೆಟ್ಟಿಂಗಿನ ಫೈಲಿನಲ್ಲಿ ಹಳೆಯ ವಿಳಾಸ ಅಳಿಸಿ ಹೊಸದು ಬರೆದೆ. ಒಪ್ಪಲಿಲ್ಲ. ಸಾಲಿನ ಮೊದಲಿಗೆ ಒಂದು ಸ್ಪೇಸ್ ಹೆಚ್ಚಾಗಿತ್ತಂತೆ! (ಇಷ್ಟೆಲ್ಲ ಪವಾಡ ಮಾಡುವ ಯಂತ್ರ ಒಂದು ಖಾಲಿ ಜಾಗಕ್ಕೆ ಮುನಿಸಿಕೊಳ್ಳಬೇಕೇ?) ಬೈಯುತ್ತಾ ಸರಿ ಮಾಡಿ, ಮತ್ತೆ ನೆಟ್‌ವರ್ಕಿಗೆ ಜೋಡಿಸಿ ಪಿಂಗ್ ಕೊಟ್ಟೆ, ಅಂದರೆ 'ಇದ್ದೀಯಾ?' ಎಂದು ಕೂಗಿದೆ. ಅಕ್ಕ ಓಗೊಟ್ಟಳು. ಹೊಸ ವಿಳಾಸಕ್ಕೂ ಕೊಟ್ಟೆ. ಕಾದೆವು. ತಂಗಿಯೂ ಓಗೊಟ್ಟಳು! ಸಾವಿತ್ರಿ ನನ್ನ ಕೈ ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆಯ ಗುರುತು ಮೂಡಿತ್ತು.

ಪರೀಕ್ಷಕರು ಬಂದರು. ತಮ್ಮ ಹೊಲದ ಬದುವಿನಿಂದ ಕಿತ್ತು ತಂದಿದ್ದ ಒಂದು ನಿಂಬೆ ಎಲೆಯನ್ನು ಕ್ಯಾಮೆರಾ ಮುಂದೆ ಹಿಡಿದರು. ತಂಗಿ ಸರಿಯಾದ ರೋಗವನ್ನೇ ಹೇಳಿದಳು. "ಭಾಳ ಛಲೋ ಆತು ಬಿಡವಾ" ಎಂದರು. ಆ ರೋಗದ ಎಲೆಗಳನ್ನು ಸಾವಿತ್ರಿ ಸೇರಿಸಿದ್ದು ಶುಕ್ರವಾರವೇ. ನಾನು ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ.

ಸಂಜೆ ಮನೆಗೆ ಬಂದರೆ, ಅವ್ವಿ ಕಟ್ಟೆಯ ಮೇಲೆ ಬೀದಿನಾಯಿಯನ್ನು ತಬ್ಬಿಕೊಂಡು ಕೂತಿದ್ದಳು. ನನ್ನ ಅವ್ವನಿಗೆ ನಾಯಿ ಎಂದರೆ ಪ್ರಾಣಭಯ. ದೂರದಲ್ಲಿ ಬೊಗಳಿದರೂ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ನೋಡ್ರಿ ಅಕ್ಕಾರ, ಅತ್ತಿಯಾರ ಹೆಸರ ಇಟ್ಕೊಂಡು ಏನ್ ಮಾಡಾಕತ್ತಾಳ!" ಎಂದಳು ಸುಜಾತಾ.

ದಿನವೂ ನಾನು ದನಿಗೂಡಿಸುವ ದೂರು ಇದು. "ನಮ್ಮವ್ವ ಹಿಂಗಿರಲಿಲ್ಲ" ಎಂದು ಆ ಕೂಸಿಗೆ ಎಷ್ಟು ಸಲ ಹೇಳಿದ್ದೇನೋ. ಅವಳ ನಗುವಿನಲ್ಲಿ, ನಡಿಗೆಯಲ್ಲಿ ಅವ್ವನನ್ನು ತಡಕಾಡಿ, ಸಿಗದೆ ಎಷ್ಟು ಸಲ ಅತ್ತಿದ್ದೇನೋ. ಅವತ್ತು ಮಾತ್ರ ಹೋಗಿ ಅವ್ವಿಯ ಪಕ್ಕದಲ್ಲಿ ಕೂತೆ. "ಅತ್ತಿ, ಇದರ ಕಿವಿ ಮುಟ್ಟಿ ನೋಡು, ಎಷ್ಟ್ ಮೆತ್ತಗ ಐತಿ!" ಎಂದಳು ಅವ್ವಿ, ಕಣ್ಣರಳಿಸಿ.

ಇಷ್ಟು ವರ್ಷ ನಾನು ಈ ಮಗುವನ್ನು ಯಾರ ವಿಳಾಸದಲ್ಲಿ ಹುಡುಕುತ್ತಿದ್ದೆ?